ಕೇಳದೆ ತಿಳಿಯದ ನೋವು

ಪ್ರಯೋಗಶಾಲೆಗೆ ಮೊದಲ ದಿನ ಬರುವ ವಿದ್ಯಾರ್ಥಿಯ ಕೈಗೆ ನಾವು ಸ್ಕ್ರೂಗೇಜನ್ನು ಕೊಟ್ಟು ತಂತಿಯ ದಪ್ಪವನ್ನು ಅಳೆಯುವಂತೆ ಹೇಳುತ್ತೇವೆ. ಆತ ಒಡನೆಯೇ ತಂತಿಯನ್ನು ಸಿಕ್ಕಿಸಿ ತಿರುಪನ್ನು ತಿರುಗಿಸತೊಡಗುತ್ತಾನೆ. ಆಗ ಅವನನ್ನು ತಡೆದು, “ಮೊದಲು ಏನನ್ನೂ ಸಿಕ್ಕಿಸದೆ ಮುಚ್ಚಿ ನೋಡು, ಉಪಕರಣ ಸೊನ್ನೆಯನ್ನು ತೋರಿಸುವುದೋ ಇಲ್ಲವೋ ಗೊತ್ತುಮಾಡಿಕೊ” ಎನ್ನುವುದು ನಮ್ಮ ಪದ್ಧತಿ. ಸೊನ್ನೆಯಲ್ಲಿಯೇ ದೋಷವಿರುವ ಉಪಕರಣದಿಂದ ನೂರು ಸಲ ಅಳೆದರೆ ನೂರು ಸಲವೂ ತಪ್ಪೇ ಬರುತ್ತದೆ. ಇದಕ್ಕಿಂತಲೂ ದೊಡ್ಡ ತಪ್ಪೊಂದುಂಟು. ಉಪಕರಣವೇನೋ ಸರಿಯಾಗಿಯೇ ಇರುತ್ತದೆ. ಆದರೆ ನಾವು ತಿಳಿಯಬಯಸಿದ್ದು ಒಂದು, ಅದು ಅಳೆಯುವುದು ಮತ್ತೊಂದು. ನೀರು ಎಷ್ಟು ಬಿಸಿಯಾಗಿದೆಯೆಂದು ತಿಳಿಯಲು ಅದನ್ನು ತಕ್ಕಡಿಯಲ್ಲಿ ತೂಗಿದರೆ, ತೂಕ ಎಷ್ಟೇ ನಿಖರವಾಗಿ ಬಂದರೂ ಬಿಸಿಯ ಸುದ್ದಿ ತಿಳಿಯದು.

ಈ ಎರಡು ತಪ್ಪುಗಳೂ ಜೊತೆಗೂಡಿ ಬಹುಕಾಲ ಬೇರೂರಿದ್ದ ಒಂದು ಕ್ಷೇತ್ರ ವೈದ್ಯಶಾಸ್ತ್ರದಲ್ಲಿದೆ. ಸ್ತ್ರೀಯರ ಲೈಂಗಿಕ ತೊಂದರೆಗಳನ್ನು ಗುರುತಿಸಿ ಚಿಕಿತ್ಸೆ ಮಾಡುವ ಕ್ಷೇತ್ರವೇ ಅದು. ನಾನು ವೈದ್ಯೆಯಲ್ಲ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವಳು. ಆದುದರಿಂದ ಯಾವ ಔಷಧವನ್ನೂ ಇಲ್ಲಿ ಸೂಚಿಸಲಾರೆ. ಆದರೆ ಅಳತೆಯ ವಿಷಯದಲ್ಲಿ ಮಾತನಾಡುವ ಅಧಿಕಾರ ಭೌತವಿಜ್ಞಾನದ ಅಧ್ಯಾಪಕರಿಗೆ ಸ್ವಲ್ಪ ಉಂಟೆಂದು ಭಾವಿಸಿ ಈ ಲೇಖನಕ್ಕೆ ಕೈಹಾಕಿದ್ದೇನೆ.

ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಇಂಥ ವಿಷಯ ಉಚಿತವೇ ಎಂದು ಕೆಲವರು ಕೇಳಬಹುದು. ಅವರಿಗೆ ಉತ್ತರವಾಗಿ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನೊಡನೆ ಎಂ.ಎಸ್‌ಸಿ. ಓದಿದ ಗೆಳತಿಯೊಬ್ಬಳು ಮದುವೆಯಾದ ಕೆಲವು ವರ್ಷಗಳ ಮೇಲೆ ನನ್ನ ಮನೆಗೆ ಬಂದಿದ್ದಳು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ಮದುವೆಯಾದಂದಿನಿಂದ ದಾಂಪತ್ಯದ ಸಹವಾಸವೆಂಬುದು ಆಕೆಗೆ ಸಹಿಸಲಾಗದ ನೋವಾಗಿತ್ತು. ಗಂಡ ಸಜ್ಜನ, ಆದರೆ ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯದು. ಮೊದಲು ನೋಡಿದ ವೈದ್ಯರು ಪರೀಕ್ಷೆ ಮಾಡಿ, “ಎಲ್ಲ ಸರಿಯಾಗಿದೆಯಮ್ಮ, ಮನಸ್ಸು ಗಟ್ಟಿಮಾಡಿಕೊ” ಎಂದರು. ಎರಡನೆಯವರು ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿ, “ಒಂದು ಮಗುವಾದರೆ ಎಲ್ಲವೂ ಸರಿಹೋಗುತ್ತದೆ” ಎಂದರು. ಮಗುವಾಗುವುದಾದರೂ ಹೇಗೆಂಬುದನ್ನು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅತ್ತೆಯವರು ಪಕ್ಕದ ಕುರ್ಚಿಯಲ್ಲಿಯೇ ಕುಳಿತಿದ್ದರು.

ಮೂರನೆಯ ವೈದ್ಯೆ ಮಾಡಿದ ಮೊದಲ ಕೆಲಸವೆಂದರೆ ಜೊತೆಯಲ್ಲಿ ಬಂದವರನ್ನು ಹೊರಗೆ ಕೂರಿಸಿದುದು. ಬಳಿಕ ನಲವತ್ತು ನಿಮಿಷ ಸುಮ್ಮನೆ ಕೇಳಿದರು. ಅನಂತರ, ಮೊದಲೇ ಅನುಮತಿ ಪಡೆದು, ಒಂದು ಕಡ್ಡಿಯ ತುದಿಗೆ ಸುತ್ತಿದ ಹತ್ತಿಯಿಂದ ಯೋನಿದ್ವಾರದ ಸುತ್ತ ಮೆಲ್ಲಗೆ ಮುಟ್ಟಿ, ಎಲ್ಲೆಲ್ಲಿ ಎಷ್ಟೆಷ್ಟು ನೋವೆಂದು ಕೇಳಿ ಬರೆದುಕೊಂಡರು. ಕಾಲಿಂಚಿನಷ್ಟು ಜಾಗದಲ್ಲಿ ಹತ್ತಿಯ ಸ್ಪರ್ಶವೂ ಬೆಂಕಿ ತಗುಲಿದಂತಾಗುತ್ತಿತ್ತು. ಆ ನೋವಿಗೆ ಹೆದರಿ ಸುತ್ತಲ ಸ್ನಾಯುಗಳೂ ಬಿಗಿದುಕೊಂಡಿದ್ದುವು. ರೋಗ ಸಿಕ್ಕಿತು, ಎಂಟು ಹತ್ತು ತಿಂಗಳ ಚಿಕಿತ್ಸೆಯಿಂದ ಬಹುಮಟ್ಟಿಗೆ ವಾಸಿಯೂ ಆಯಿತು. ಆದರೆ ನನ್ನನ್ನು ಇಂದಿಗೂ ಕಾಡುವುದು ಆಕೆ ಆಡಿದ ಈ ಮಾತು: “ನಾನು ವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡಿದವಳು. ಆದರೆ ನನ್ನ ದೇಹದ ಆ ಭಾಗಕ್ಕೆ ವೈದ್ಯರ ಮುಂದೆ ಹೇಳಬಹುದಾದ ಒಂದೇ ಒಂದು ಕನ್ನಡ ಪದ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದುವೆಲ್ಲ ಬೈಗುಳಗಳೇ.”

ಇರಲಿ, ಈಗ ಶಾಸ್ತ್ರದ ಕಡೆಗೆ ಬರೋಣ. ವೈದ್ಯರು ಈ ತೊಂದರೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕಾಮಾಸಕ್ತಿ ಹುಟ್ಟದಿರುವುದು ಅಥವಾ ದೇಹಮನಸ್ಸುಗಳು ಅದಕ್ಕೆ ಓಗೊಡದಿರುವುದು ಒಂದು ಬಗೆ. ಸುಖದ ಪರಾಕಾಷ್ಠೆಯನ್ನು ಮುಟ್ಟಲಾಗದಿರುವುದು ಎರಡನೆಯದು. ನೋವು, ನೋವಿನ ಭಯ ಮತ್ತು ಅದರಿಂದಾಗುವ ಸ್ನಾಯುಗಳ ಬಿಗಿತ ಮೂರನೆಯದು. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಈ ವಿಂಗಡಣೆಯನ್ನು ಅನುಸರಿಸಿದೆ. ಮೊದಲು ನೋವನ್ನೂ ಸ್ನಾಯುಗಳ ಸೆಳೆತವನ್ನೂ ಬೇರೆ ಬೇರೆ ರೋಗಗಳೆಂದು ಎಣಿಸುತ್ತಿದ್ದರು. ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಬಾರದೆಂದು ಕಂಡುಬಂದುದರಿಂದ ಅವುಗಳನ್ನು ಒಂದುಗೂಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ ೨೦೨೨ರ ಜನವರಿಯಲ್ಲಿ ಜಾರಿಗೆ ಬಂತು. ಇವು ದೇಹದ ರೋಗಗಳೋ ಮನಸ್ಸಿನ ರೋಗಗಳೋ ಎಂಬ ಹಳೆಯ ಇಬ್ಭಾಗವನ್ನು ಅದು ಬಿಟ್ಟುಕೊಟ್ಟು, ಲೈಂಗಿಕ ಆರೋಗ್ಯಕ್ಕೆಂದೇ ಒಂದು ಪ್ರತ್ಯೇಕ ಅಧ್ಯಾಯವನ್ನು ತೆರೆಯಿತು.

ಈ ವಿಂಗಡಣೆಗಿಂತ ಮುಖ್ಯವಾದುದು ಅದರೊಡನೆ ಹಾಕಿರುವ ನಿಬಂಧನೆ. ತೊಂದರೆ ಸುಮಾರು ಆರು ತಿಂಗಳಾದರೂ ಇದ್ದಿರಬೇಕು. ಬೇರೊಂದು ರೋಗದಿಂದಲೋ ಔಷಧದಿಂದಲೋ ಗಂಡಹೆಂಡಿರ ತೀವ್ರವಾದ ಮನಸ್ತಾಪದಿಂದಲೋ ಹಿಂಸೆಯಿಂದಲೋ ಉಂಟಾದುದಾಗಿರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಅದರಿಂದ ಆಕೆಗೆ ಸಂಕಟವಾಗುತ್ತಿರಬೇಕು. ಆಕೆಗೇ ಸಂಕಟವಿಲ್ಲದಿದ್ದರೆ ಅದು ರೋಗವಲ್ಲ. ಹೆಂಡತಿಯಲ್ಲಿ ಆಸಕ್ತಿ ಕಡಿಮೆಯೆಂದು ಗಂಡ ದೂರುವುದರಿಂದ ಮಾತ್ರ ಹೆಂಡತಿ ರೋಗಿಯಾಗಲಾರಳು. ಮನುಷ್ಯರ ಎತ್ತರದಲ್ಲಿರುವಂತೆಯೇ ಇಲ್ಲಿಯೂ ಸಹಜವಾದ ವ್ಯತ್ಯಾಸಗಳಿವೆ, ವ್ಯತ್ಯಾಸವೆಲ್ಲ ವ್ಯಾಧಿಯಲ್ಲ.

ಈ ಒಂದು ನಿಬಂಧನೆಯಿಂದ ಎಷ್ಟು ಅಂತರವಾಗುತ್ತದೆಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ೨೦೦೮ರಲ್ಲಿ ಅಮೆರಿಕದಲ್ಲಿ ಮೂವತ್ತೊಂದು ಸಾವಿರಕ್ಕೂ ಮಿಕ್ಕಿದ ಸ್ತ್ರೀಯರ ಉತ್ತರಗಳನ್ನು ಸಂಗ್ರಹಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಆಸಕ್ತಿ, ಉದ್ರೇಕ, ಪರಾಕಾಷ್ಠೆ ಇವುಗಳಲ್ಲಿ ಯಾವುದಾದರೊಂದು ತೊಂದರೆಯಿದೆಯೆಂದವರು ನೂರಕ್ಕೆ ಸುಮಾರು ೪೩. ತೊಂದರೆಯೂ ಇದೆ, ಅದರಿಂದ ಸಂಕಟವೂ ಇದೆ ಎಂದವರು ನೂರಕ್ಕೆ ೧೨ ಮಾತ್ರ. ಮೊದಲ ಸಂಖ್ಯೆಯನ್ನಷ್ಟೇ ಹಿಡಿದು, “ಹತ್ತಿರಹತ್ತಿರ ಅರ್ಧದಷ್ಟು ಹೆಂಗಸರು ರೋಗಿಗಳು” ಎಂದು ಸಾರುವ ಜಾಹೀರಾತುಗಾರರಿಗೆ ಅದರಿಂದ ಲಾಭವಿರಬಹುದು. ಎರಡನೆಯ ಸಂಖ್ಯೆಯನ್ನೂ ಮರೆತು, “ಇವೆಲ್ಲ ಏನೂ ಇಲ್ಲ” ಎನ್ನುವವರು ಎಂಟು ಜನರಲ್ಲಿ ಒಬ್ಬಳ ಸಂಕಟವನ್ನು ಅಲ್ಲಗಳೆದಂತಾಗುತ್ತದೆ. ನಿಜವಾದ ರೋಗಿಯನ್ನು ಈ ಎರಡು ಅತಿರೇಕಗಳಿಂದಲೂ ಬೇರ್ಪಡಿಸಿ ತೋರಿಸುವುದು ಯಾವುದು? ಯಂತ್ರವಲ್ಲ, ರಕ್ತಪರೀಕ್ಷೆಯಲ್ಲ, ಆಕೆಯ ಸ್ವಂತ ಮಾತು.

ಆದರೆ ಆ ಮಾತನ್ನು ಕೇಳುವ ಪದ್ಧತಿಯೇ ವೈದ್ಯಶಾಸ್ತ್ರದಲ್ಲಿ ಬಹುಕಾಲ ಇರಲಿಲ್ಲ. ಸ್ನಾಯುಗಳ ಸೆಳೆತಕ್ಕೆ ‘ವೆಜಿನಿಸ್ಮಸ್’ ಎಂಬ ಹೆಸರನ್ನು ಕೊಟ್ಟವನು ಅಮೆರಿಕದ ಶಸ್ತ್ರವೈದ್ಯ ಮೇರಿಯನ್ ಸಿಮ್ಸ್; ಕಾಲ ೧೮೬೦ರ ದಶಕದ ಆರಂಭ. ಅವನು ಕಂಡುಕೊಂಡ ಪರಿಹಾರ ಕತ್ತಿ. ಬಿಗಿದುಕೊಂಡಿರುವುದನ್ನು ಕೊಯ್ದು ಸಡಿಲಿಸುವುದು ಅವನ ಉಪಾಯ. ಇದೇ ಸಿಮ್ಸ್ ಅದಕ್ಕೂ ಹಿಂದೆ, ೧೮೪೦ರ ದಶಕದಲ್ಲಿ, ಹೆರಿಗೆಯ ಗಾಯಗಳನ್ನು ಹೊಲಿಯುವ ಕಲೆಯನ್ನು ಗುಲಾಮ ಸ್ತ್ರೀಯರ ಮೇಲೆ ಅರಿವಳಿಕೆಯೂ ಇಲ್ಲದೆ ಪ್ರಯೋಗಿಸಿ ಕಲಿತವನು. ರೋಗಿಯ ಮಾತಿಗೆ ಅಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಅನಂತರ ಬಂದದ್ದು ‘ಶೀತಲ ಸ್ತ್ರೀ’ ಎಂಬ ಮಾತು. ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರ ಪುಸ್ತಕಗಳಲ್ಲಿ ಈ ಮಾತು ರೋಗದ ಹೆಸರಾಗಿ ಸಂಚರಿಸಿತು. ಶೈತ್ಯವನ್ನು ಅಳೆಯಲು ನಮ್ಮಲ್ಲಿ ಉಷ್ಣಮಾಪಕವಿದೆ, ಡಿಗ್ರಿಗಳಿವೆ. ಈ ಶೈತ್ಯವನ್ನು ಅಳೆದವರು ಯಾರು? ಯಾವ ಬಿಂದುವಿನಿಂದ? ನೋವಿನಿಂದ ನರಳುವವಳು, ಹೆರಿಗೆಯಿಂದ ಬಳಲಿದವಳು, ಗಂಡನ ಕಣ್ಣಿಗೆ ಹೆದರುವವಳು, ಥೈರಾಯ್ಡ್ ಗ್ರಂಥಿ ಕುಂದಿದವಳು, ಇವರೆಲ್ಲರಿಗೂ ಅದೊಂದೇ ಹೆಸರು. ಅದು ರೋಗನಿರ್ಣಯವಲ್ಲ, ಬರಿಯ ನಿಂದೆ.

ಅಳೆಯಲು ಹೊರಟು ದಾರಿ ತಪ್ಪಿದುದಕ್ಕೂ ಉದಾಹರಣೆಯಿದೆ. ಮೇರಿ ಬೋನಪಾರ್ಟ್ ಎಂಬಾಕೆ ನೆಪೋಲಿಯನ್ನನ ಮನೆತನದ ರಾಜಕುಮಾರಿ. ಮುಂದೆ ಫ್ರಾಯ್ಡನ ಶಿಷ್ಯೆಯಾದವಳು. ತನಗೆ ದಾಂಪತ್ಯಸುಖ ದೊರೆಯದಿರಲು ಕಾರಣ ಅಂಗರಚನೆಯೇ ಇರಬೇಕೆಂದು ಊಹಿಸಿ, ೨೪೩ ಸ್ತ್ರೀಯರಲ್ಲಿ ಎರಡು ಅಂಗಗಳ ನಡುವಣ ದೂರವನ್ನು ಅಳೆದ ಲೆಕ್ಕಗಳನ್ನು ೧೯೨೪ರಲ್ಲಿ ಬೇರೊಂದು ಹೆಸರಿನಿಂದ ಪ್ರಕಟಿಸಿದಳು. ದೂರ ಹೆಚ್ಚಾದರೆ ಸುಖ ಕಡಿಮೆ ಎಂಬುದು ಆಕೆಯ ಸಿದ್ಧಾಂತ. ಅದನ್ನು ನಂಬಿ, ೧೯೨೭ರಿಂದ ಮೊದಲ್ಗೊಂಡು ವಿಯೆನ್ನಾದ ಶಸ್ತ್ರವೈದ್ಯನಿಂದ ತನ್ನ ಮೇಲೆಯೇ ಒಂದಕ್ಕಿಂತ ಹೆಚ್ಚು ಸಲ ಶಸ್ತ್ರಕ್ರಿಯೆ ಮಾಡಿಸಿಕೊಂಡಳು. ಬಯಸಿದ ಫಲ ದೊರೆಯಲಿಲ್ಲ. ಆಕೆಯ ಧೈರ್ಯ ದೊಡ್ಡದು. ಆದರೆ ನೀರಿನ ಬಿಸಿಯನ್ನು ತಕ್ಕಡಿಯಲ್ಲಿ ತೂಗಿದಂತಾಯಿತು.

ವಿಚಿತ್ರವೆಂದರೆ, ಹೀಗೆ ಅಳೆಯಲಾದ ಅಂಗದ ಪೂರ್ಣ ರಚನೆಯೇ ಬಹುಮಂದಿ ವೈದ್ಯರಿಗೆ ತಿಳಿದಿರಲಿಲ್ಲ. ಸ್ತ್ರೀಸುಖಕ್ಕೆ ಮುಖ್ಯ ಆಧಾರವಾದ ಭಗಾಂಕುರದ ಒಳಭಾಗವನ್ನು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಕೋಬೆಲ್ಟ್ ೧೮೪೪ರಷ್ಟು ಹಿಂದೆಯೇ ವಿವರವಾಗಿ ಚಿತ್ರಿಸಿದ್ದನು. ಮುಂದಿನ ಪಠ್ಯಪುಸ್ತಕಗಳು ಅದನ್ನು ಮರೆತುವು. ೧೯೯೮ರಲ್ಲಿ ಆಸ್ಟ್ರೇಲಿಯದ ಮೂತ್ರಾಂಗ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ ಶವಚ್ಛೇದನದಿಂದ, ಆ ಅಂಗ ಹೊರಗೆ ಕಾಣುವ ಸಣ್ಣ ತುದಿಯಷ್ಟೇ ಅಲ್ಲ, ಒಳಗೆ ಬಹಳ ದೂರ ಹರಡಿದೆಯೆಂದು ಮತ್ತೆ ತೋರಿಸಿಕೊಟ್ಟಳು. ಪರಮಾಣುವಿನ ಒಡಲನ್ನು ಶೋಧಿಸಿ, ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿ ಬಂದ ಶತಮಾನವು ಇದೊಂದನ್ನು ಸರಿಯಾಗಿ ನೋಡಲು ತನ್ನ ಕೊನೆಯವರೆಗೂ ಕಾಯಬೇಕಾಯಿತು. ಇಲ್ಲಿ ಕೊರತೆಯಾದುದು ಉಪಕರಣವಲ್ಲ, ನೋಡುವ ಮನಸ್ಸು.

ಈ ಕ್ಷೇತ್ರದಲ್ಲಿ ಯಂತ್ರಗಳಿಂದ ಲಾಭವೇ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ೧೯೪೮ರಲ್ಲಿ ಆರ್ನಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯನು ಹೆರಿಗೆಯ ಬಳಿಕ ಸಡಿಲಗೊಂಡ ಸ್ನಾಯುಗಳ ಬಲವನ್ನು ಗಾಳಿಯ ಒತ್ತಡದಿಂದ ಅಳೆಯುವ ಸರಳ ಮಾಪಕವೊಂದನ್ನು ಬಳಕೆಗೆ ತಂದನು. ಅವನು ಹೇಳಿಕೊಟ್ಟ ವ್ಯಾಯಾಮ ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯ ಜಾನ್ಸನ್ ಎಂಬಿಬ್ಬರು ಪ್ರಯೋಗಶಾಲೆಯಲ್ಲಿಯೇ ದೇಹದ ಪ್ರತಿಕ್ರಿಯೆಗಳನ್ನು ದಾಖಲು ಮಾಡಿ ೧೯೬೬ರಲ್ಲಿ ಗ್ರಂಥವನ್ನು ಹೊರತಂದರು. ಅಲ್ಲಿಯವರೆಗಿನ ಎಷ್ಟೋ ಕಟ್ಟುಕಥೆಗಳು ಅದರಿಂದ ಬಿದ್ದುಹೋದುವು. ೧೯೭೫ರಲ್ಲಿ ಬೆಳಕಿನ ನೆರವಿನಿಂದ ಯೋನಿಭಿತ್ತಿಯ ರಕ್ತಪ್ರವಾಹವನ್ನು ಅಳೆಯುವ ಸಾಧನವೂ ಬಂದಿತು. ಕಿರುಬೆರಳಿಗೆ ಸಿಕ್ಕಿಸಿ ನಾಡಿಯನ್ನು ಎಣಿಸುವ ಸಾಧನವನ್ನು ನೀವು ಆಸ್ಪತ್ರೆಯಲ್ಲಿ ನೋಡಿರಬಹುದು. ತತ್ತ್ವ ಹೆಚ್ಚುಕಡಿಮೆ ಅದೇ.

ಈ ಕೊನೆಯ ಸಾಧನದ ಕಥೆ ಮಾತ್ರ ಭೌತವಿಜ್ಞಾನದ ವಿದ್ಯಾರ್ಥಿ ನೆನಪಿಡತಕ್ಕದ್ದು. ಯಂತ್ರ ತೋರಿಸುವ ದೇಹದ ಪ್ರತಿಕ್ರಿಯೆಗೂ ವ್ಯಕ್ತಿ ತಾನು ಅನುಭವಿಸಿದೆನೆಂದು ಹೇಳುವುದಕ್ಕೂ ಎಷ್ಟು ಹೊಂದಾಣಿಕೆಯಿದೆ? ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೦ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ಸಹಸಂಬಂಧದ ಗುಣಾಂಕ ಪುರುಷರಲ್ಲಿ ೦.೬೬, ಸ್ತ್ರೀಯರಲ್ಲಿ ೦.೨೬. ಪೂರ್ಣ ಹೊಂದಾಣಿಕೆಯಿದ್ದರೆ ಅದು ೧ ಆಗಬೇಕಿತ್ತು. ಎಂದರೆ, ರಕ್ತಪ್ರವಾಹ ಹೆಚ್ಚಿತೆಂದ ಮಾತ್ರಕ್ಕೆ ಆಕೆಗೆ ಮನಸ್ಸಿತ್ತೆಂದಾಗಲಿ, ಸುಖವಾಯಿತೆಂದಾಗಲಿ ಹೇಳಲು ಬಾರದು. “ನಿನ್ನ ದೇಹ ಒಪ್ಪಿದೆ, ನೀನು ಮಾತ್ರ ಇಲ್ಲವೆನ್ನುತ್ತೀಯೆ” ಎಂಬ ಕ್ರೂರವಾದ ವಾದ ಎಷ್ಟು ಟೊಳ್ಳೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಯಂತ್ರ ರಕ್ತವನ್ನು ಅಳೆಯಿತು, ಅನುಭವವನ್ನಲ್ಲ.

ಹಾಗಾದರೆ ಒಳ್ಳೆಯ ವೈದ್ಯರು ಹೇಗೆ ಮುಂದುವರಿಯುತ್ತಾರೆ? ಮೊದಲನೆಯದಾಗಿ, ಏಕಾಂತದಲ್ಲಿ ಮಾತು. ತೊಂದರೆ ಮೊದಲಿನಿಂದಲೂ ಇದ್ದುದೋ ನಡುವೆ ಬಂದುದೋ? ಯಾವಾಗಲೂ ಇರುವುದೋ ಕೆಲವು ಸಂದರ್ಭಗಳಲ್ಲಿ ಮಾತ್ರವೋ? ಈ ಎರಡು ಪ್ರಶ್ನೆಗಳಿಂದಲೇ ಅರ್ಧ ದಾರಿ ತೆರೆಯುತ್ತದೆ. ಆಮೇಲೆ ಬೇರೆ ರೋಗಗಳ ವಿಚಾರಣೆ: ಸಕ್ಕರೆ ಕಾಯಿಲೆ, ಥೈರಾಯ್ಡಿನ ಏರುಪೇರು, ಖಿನ್ನತೆ, ಗರ್ಭಕೋಶದ ಒಳಪದರದಂಥ ಊತಕ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಸೋಂಕುಗಳು, ಹೆರಿಗೆಯ ಗಾಯ. ಸೇವಿಸುತ್ತಿರುವ ಔಷಧಗಳ ಪಟ್ಟಿಯೂ ಬೇಕು. ಖಿನ್ನತೆಗೆ ಇಂದು ಹೆಚ್ಚಾಗಿ ಕೊಡುವ ಔಷಧಗಳಲ್ಲಿ ಹಲವು ಆಸಕ್ತಿಯನ್ನೂ ಪರಾಕಾಷ್ಠೆಯನ್ನೂ ಕುಂದಿಸುತ್ತವೆ. ಮನೆಯಲ್ಲಿ ಭಯವಿದೆಯೇ, ಹಿಂದೆಂದಾದರೂ ಬಲಾತ್ಕಾರದ ಅನುಭವವಾಗಿದೆಯೇ ಎಂಬುದನ್ನು ಮೃದುವಾಗಿ ಕೇಳಬೇಕಾಗುತ್ತದೆ. ದೇಹಪರೀಕ್ಷೆ ಬರುವುದು ಇದೆಲ್ಲ ಆದಮೇಲೆ. ಅದೂ ಪ್ರತಿ ಹೆಜ್ಜೆಯನ್ನೂ ವಿವರಿಸಿ, ಆಕೆ “ಸಾಕು” ಎಂದೊಡನೆ ನಿಲ್ಲಿಸುವ ಒಪ್ಪಂದದೊಡನೆ. ರಕ್ತಪರೀಕ್ಷೆಗಳು ಮಾತುಕತೆ ಬೆರಳು ತೋರಿಸಿದ ಕಡೆಗೆ ಮಾತ್ರ.

ಮಾತನ್ನೇ ಸಂಖ್ಯೆಯಾಗಿಸುವ ಪ್ರಯತ್ನವೂ ನಡೆದಿದೆ. ೨೦೦೦ದಲ್ಲಿ ಪ್ರಕಟವಾದ ಹತ್ತೊಂಬತ್ತು ಪ್ರಶ್ನೆಗಳ ಪಟ್ಟಿಯೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಳೆದ ನಾಲ್ಕು ವಾರಗಳ ಅನುಭವವನ್ನು ಆರು ಭಾಗಗಳಲ್ಲಿ ಕೇಳಿ ಗರಿಷ್ಠ ೩೬ ಅಂಕಗಳಲ್ಲಿ ಲೆಕ್ಕ ಹಾಕುತ್ತಾರೆ, ೨೬.೫೫ ಅಥವಾ ಅದಕ್ಕಿಂತ ಕಡಿಮೆಯಾದರೆ ತೊಂದರೆಯಿರಬಹುದೆಂದು ೨೦೦೫ರಲ್ಲಿ ಸೂಚಿಸಲಾಯಿತು. ಉಪಯುಕ್ತವಾದ ಪಟ್ಟಿ. ಆದರೆ ಇಲ್ಲಿಯೂ ಸೊನ್ನೆಯ ದೋಷ ಹೊಂಚಿ ಕುಳಿತಿದೆ. ಬಹುಪಾಲು ಪ್ರಶ್ನೆಗಳಿಗೆ “ಈ ಅವಧಿಯಲ್ಲಿ ಸಹವಾಸವಿರಲಿಲ್ಲ” ಎಂಬ ಉತ್ತರಕ್ಕೆ ಸೊನ್ನೆ ಅಂಕ. ಗಂಡ ಪರದೇಶದಲ್ಲಿರುವ ಆರೋಗ್ಯವಂತಳೂ ಸೊನ್ನೆ ಪಡೆಯುತ್ತಾಳೆ, ನೋವಿಗೆ ಹೆದರಿ ದೂರವಿರುವವಳೂ ಸೊನ್ನೆ ಪಡೆಯುತ್ತಾಳೆ. ಆ ಸೊನ್ನೆಯ ಹಿಂದೆ ಏನಿದೆಯೆಂದು ತಿಳಿಯಲು ಮತ್ತೆ ಆಕೆಯನ್ನೇ ಕೇಳಬೇಕು.

ಕಾರಣ ತಿಳಿದಮೇಲೆ ಚಿಕಿತ್ಸೆ ಅಷ್ಟೇನೂ ನಿಗೂಢವಲ್ಲ. ಜ್ಯಾಕ್ ಆ್ಯನನ್ ಎಂಬ ಮನೋವಿಜ್ಞಾನಿ ೧೯೭೬ರಲ್ಲಿ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದನು: ಮಾತನಾಡಲು ಅನುಮತಿ, ಬೇಕಾದಷ್ಟು ತಿಳಿವಳಿಕೆ, ನಿರ್ದಿಷ್ಟ ಸಲಹೆ, ಇವು ಸಾಲದಾದಾಗ ತಜ್ಞರ ದೀರ್ಘ ಚಿಕಿತ್ಸೆ. ಎಷ್ಟೋ ಮಂದಿಗೆ ಮೊದಲ ಎರಡು ಮೆಟ್ಟಿಲುಗಳೇ ಸಾಕಾಗುತ್ತವೆ. “ಇದು ನನಗೊಬ್ಬಳಿಗೇ ಬಂದುದಲ್ಲ, ಇದಕ್ಕೊಂದು ಹೆಸರಿದೆ” ಎಂದು ತಿಳಿಯುವುದೇ ದೊಡ್ಡ ಔಷಧ. ಮುಟ್ಟು ನಿಂತ ಬಳಿಕ ಈಸ್ಟ್ರೊಜೆನ್ ಕಡಿಮೆಯಾಗಿ ಯೋನಿಯ ಪದರ ತೆಳುವಾಗಿ ಒಣಗಿ ನೋವಾಗುವುದುಂಟು. ಆ ಜಾಗಕ್ಕೇ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೊಜೆನ್ನಿನಿಂದ ಬಹುಮಂದಿಗೆ ಗುಣವಾಗುತ್ತದೆ. ಔಷಧದಿಂದ ಬಂದ ತೊಂದರೆಯಾದರೆ ವೈದ್ಯರೇ ಔಷಧವನ್ನು ಬದಲಿಸುತ್ತಾರೆ; ರೋಗಿ ತಾನಾಗಿ ನಿಲ್ಲಿಸಬಾರದು. ಗಂಡಹೆಂಡಿರ ನಡುವೆ ಮಾತೇ ಸತ್ತಿದ್ದರೆ ಇಬ್ಬರನ್ನೂ ಕೂರಿಸಿಕೊಂಡು ಆಪ್ತಸಲಹೆ ನೀಡುತ್ತಾರೆ.

ಸ್ನಾಯುಗಳ ಬಿಗಿತದ ಚಿಕಿತ್ಸೆಯಲ್ಲಿ ಒಂದು ಎಚ್ಚರಿಕೆಯಿದೆ. ಕೆಗೆಲನ ವ್ಯಾಯಾಮ ಸಡಿಲವಾದ ಸ್ನಾಯುಗಳನ್ನು ಬಿಗಿಗೊಳಿಸುವುದಕ್ಕೆ ಇರತಕ್ಕದ್ದು. ಮೊದಲೇ ಬಿಗಿದುಕೊಂಡಿರುವ ಸ್ನಾಯುಗಳಿಗೆ ಅದನ್ನೇ ಹೇಳಿಕೊಟ್ಟರೆ, ಎಳೆದು ನಿಂತಿರುವ ಹಗ್ಗವನ್ನು ಇನ್ನಷ್ಟು ಎಳೆದಂತೆ. ಅಂಥವರಿಗೆ ಬೇಕಾದುದು ಸಡಿಲಿಸುವ ಅಭ್ಯಾಸ: ಉಸಿರಾಟ, ಭೌತಚಿಕಿತ್ಸಕಿಯ ನೆರವು, ಸಣ್ಣದರಿಂದ ಆರಂಭಿಸಿ ಕ್ರಮವಾಗಿ ದಪ್ಪವಾಗುವ ನುಣುಪಾದ ಕೊಳವೆಗಳನ್ನು ತನ್ನದೇ ನಿಧಾನದಲ್ಲಿ ತಾನೇ ಬಳಸುವುದು. ನನ್ನ ಗೆಳತಿ ಗುಣವಾದುದು ಬಹುಮಟ್ಟಿಗೆ ಹೀಗೆಯೇ. ಸಿಮ್ಸನ ಕತ್ತಿಯಿಂದ ಇಲ್ಲಿಯವರೆಗೆ ನಡೆದುಬಂದ ದಾರಿ ಯಾವುದೆಂದು ನೋಡಿ: ಬಿಗಿತವನ್ನು ಕೊಯ್ಯುವುದಲ್ಲ, ಅದು ಏಕೆ ಬಿಗಿದುಕೊಂಡಿತೆಂದು ಕೇಳುವುದು.

ಒಂದೇ ಗುಳಿಗೆಯಿಂದ ಎಲ್ಲವನ್ನೂ ಮುಗಿಸುವ ಆಸೆ ಮಾತ್ರ ಈಡೇರಲಿಲ್ಲ. ಪುರುಷರಿಗಾಗಿ ೧೯೯೮ರಲ್ಲಿ ಬಂದ ಸಿಲ್ಡೆನಾಫಿಲ್ ರಕ್ತಪ್ರವಾಹವನ್ನು ಹೆಚ್ಚಿಸಿ ಯಶಸ್ವಿಯಾಯಿತು. ಸ್ತ್ರೀಯರಿಗೂ ಅದೇ ಆಗಬಹುದೆಂದು ಸುಮಾರು ೩೦೦೦ ಸ್ತ್ರೀಯರಲ್ಲಿ ಪರೀಕ್ಷೆ ನಡೆಸಿದ ಕಂಪೆನಿ ೨೦೦೪ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟಿತು. ರಕ್ತಪ್ರವಾಹವೇ ಪ್ರಶ್ನೆಯಲ್ಲವೆಂದ ಮೇಲೆ ಅದನ್ನು ಹೆಚ್ಚಿಸಿ ಫಲವೇನು? ಮೆದುಳಿನ ಮೇಲೆ ಕೆಲಸ ಮಾಡುವ ಫ್ಲಿಬಾನ್ಸೆರಿನ್ ಎಂಬ ಗುಳಿಗೆ ಎರಡು ಸಲ ತಿರಸ್ಕೃತವಾಗಿ, ೨೦೧೫ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ದಿನವೂ ತೆಗೆದುಕೊಂಡರೆ, ಹುಸಿಗುಳಿಗೆಗಿಂತ ಹೆಚ್ಚಾಗಿ ದೊರೆತ ಲಾಭ ತಿಂಗಳಿಗೆ ಅರ್ಧದಿಂದ ಒಂದರಷ್ಟು ತೃಪ್ತಿಕರ ಪ್ರಸಂಗ. ತಲೆಸುತ್ತು, ಜೊಂಪು, ರಕ್ತದೊತ್ತಡ ಕುಸಿಯುವ ಅಪಾಯ, ಮದ್ಯದೊಡನೆ ಸೇರಿದರೆ ಹೆಚ್ಚಿನ ಅಪಾಯ, ಇವು ಅದರ ಜೊತೆಗಿವೆ. ಕೆಲವರಿಗೆ ಅದು ನೆರವಾಗುತ್ತದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕೇಳುವ ಕಿವಿಯ ಸ್ಥಾನವನ್ನು ಗುಳಿಗೆ ತುಂಬಲಾರದು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಯೊಬ್ಬ ಆಕ್ಷೇಪವೆತ್ತಬಹುದು: “ರೋಗಿ ಹೇಳಿದ್ದನ್ನೇ ನಂಬುವುದಾದರೆ ಅದು ವಿಜ್ಞಾನ ಹೇಗಾದೀತು? ಹೇಳಿಕೆ ವ್ಯಕ್ತಿನಿಷ್ಠ, ವಿಜ್ಞಾನಕ್ಕೆ ಬೇಕಾದುದು ವಸ್ತುನಿಷ್ಠ ಅಳತೆ.” ಆತ ಕನ್ನಡಕ ಹಾಕಿಕೊಂಡವನಾದರೆ ಉತ್ತರ ಅವನ ಮೂಗಿನ ಮೇಲೆಯೇ ಇದೆ. ಕಣ್ಣಿನ ವೈದ್ಯರು ಮಸೂರಗಳನ್ನು ಒಂದೊಂದಾಗಿ ಬದಲಿಸುತ್ತ, “ಇದು ಸ್ಪಷ್ಟವೋ, ಅದು ಸ್ಪಷ್ಟವೋ?” ಎಂದು ಕೇಳಿದರು, ಅವನು ಹೇಳಿದ, ಅವರು ಬರೆದುಕೊಂಡರು. ಡಯಾಪ್ಟರಿನ ಕಾಲುಭಾಗದಷ್ಟು ನಿಖರವಾದ ಸಂಖ್ಯೆ ಸಿದ್ಧವಾದುದು ಅವನ ಹೇಳಿಕೆಯಿಂದ. ಅದನ್ನು ಯಾರೂ ಅವೈಜ್ಞಾನಿಕವೆನ್ನಲಿಲ್ಲ. ಕ್ರಮವಾಗಿ ಕೇಳಿದ, ಪಕ್ಷಪಾತವಿಲ್ಲದೆ ದಾಖಲಾದ ಹೇಳಿಕೆಯೂ ಒಂದು ಅಳತೆಯೇ. ನೋವನ್ನು ತಿಳಿಯಲು ಅದಕ್ಕಿಂತ ಉತ್ತಮವಾದ ಉಪಕರಣವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಕಣ್ಣಿನ ಹೇಳಿಕೆಯನ್ನು ನಂಬುವ ನಾವು ಈ ಹೇಳಿಕೆಯನ್ನು ನಂಬದಿರುವುದಕ್ಕೆ ಕಾರಣ ವಿಜ್ಞಾನವಲ್ಲ, ಸಂಕೋಚ.

ಎರಡನೆಯ ಆಕ್ಷೇಪ ಹೆಚ್ಚು ಪ್ರಾಮಾಣಿಕವಾದುದು. ಹೊರರೋಗಿಗಳ ಸಾಲು ಬಾಗಿಲಿನಾಚೆ ಬೆಳೆದು ನಿಂತಿರುವಾಗ ಒಬ್ಬೊಬ್ಬಳಿಗೆ ನಲವತ್ತು ನಿಮಿಷ ಕೊಡುವವರಾರು? ನಿಜ. ಆದರೆ ಎಲ್ಲರಿಗೂ ನಲವತ್ತು ನಿಮಿಷ ಬೇಕಾಗುವುದಿಲ್ಲ. ಜೊತೆಗೆ ಬಂದವರನ್ನು ಒಂದು ಗಳಿಗೆ ಹೊರಗೆ ಕಳುಹಿಸಿ, “ದಾಂಪತ್ಯದಲ್ಲಿ ನೋವೋ ಬೇರೇನಾದರೂ ತೊಂದರೆಯೋ ಇದೆಯೇನಮ್ಮ? ಇದ್ದರೆ ಹೇಳಬಹುದು, ನಾಚಿಕೆಯ ವಿಷಯವೇನೂ ಅಲ್ಲ” ಎಂದು ಕೇಳಲು ಅರ್ಧ ನಿಮಿಷ ಸಾಕು. ಹೌದೆಂದವಳಿಗೆ ಮತ್ತೊಂದು ದಿನ ಬಿಡುವಾಗಿ ಬರಲು ಹೇಳಬಹುದು. ನನ್ನ ಗೆಳತಿಗೆ ಆದ ಮೊದಲ ಎರಡು ಭೇಟಿಗಳಲ್ಲಿ ಈ ಅರ್ಧ ನಿಮಿಷ ದೊರೆತಿದ್ದರೆ ಎಷ್ಟು ವರ್ಷಗಳು ಉಳಿಯುತ್ತಿದ್ದುವು! ವೈದ್ಯವಿದ್ಯಾರ್ಥಿಗಳಿಗೆ ಎದೆಬಡಿತವನ್ನು ಆಲಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಈ ಪ್ರಶ್ನೆಯನ್ನು ಕೇಳುವುದನ್ನೂ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ವೈದ್ಯರು ಕೇಳಿದರೂ ಹೇಳುವವಳ ಬಳಿ ಪದ ಬೇಡವೇ? ಈ ಕೆಲಸಕ್ಕೆ ಕನ್ನಡ ಅಸಮರ್ಥವೇನೂ ಅಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಮೊದಲಾದ ಪುಸ್ತಕಗಳನ್ನು ಕನ್ನಡದಲ್ಲಿಯೇ ಬರೆದರು. ೧೯೯೧ರಲ್ಲಿ ಅವರು ತೀರಿಕೊಂಡರು. ಅವರು ಹಾಕಿಕೊಟ್ಟ ದಾರಿ ಉಳಿದಿದೆ. ಯೋನಿ, ಗರ್ಭಕೋಶ, ಋತುಬಂಧ, ಭಗಾಂಕುರ ಎಂಬ ಪದಗಳು ಹೃದಯ, ಶ್ವಾಸಕೋಶ ಎಂಬ ಪದಗಳಷ್ಟೇ ಶುದ್ಧವಾದುವು. ಅವುಗಳನ್ನು ಪಾಠದ ಪುಸ್ತಕದಲ್ಲಿ ಮಡಿಸಿಟ್ಟು, ಬೀದಿಯ ಬೈಗುಳಕ್ಕೆ ಬೇರೆ ಪದಗಳನ್ನು ಬಿಟ್ಟುಕೊಟ್ಟಿರುವುದು ನಮ್ಮ ತಪ್ಪು. ಜೀವವಿಜ್ಞಾನದ ತರಗತಿಯಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ “ಇದನ್ನು ನೀವೇ ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ತಿರುವುವ ಅಧ್ಯಾಪಕರು ಈ ಮೌನಕ್ಕೆ ತಮ್ಮ ಪಾಲನ್ನೂ ಸೇರಿಸುತ್ತಿದ್ದಾರೆ. ಆಗ ಹಿಂದಿನ ಬೆಂಚಿನಿಂದ ಏಳುವ ನಗೆಯನ್ನು ಮುಂದೆ ಎಷ್ಟೋ ವರ್ಷಗಳ ಮೇಲೆ ವೈದ್ಯರ ಕೊಠಡಿಯಲ್ಲಿ ಒಬ್ಬಳು ನೆನೆಸಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಓದುತ್ತಿರುವ ವಿದ್ಯಾರ್ಥಿನಿಯರಿಗೆ ನಾನು ಹೇಳುವುದು ಇಷ್ಟೆ: ನೋವು ಹೆಣ್ಣಿನ ಹಣೆಬರಹವಲ್ಲ, ಅದು ದೇಹ ಕೊಡುವ ಸೂಚನೆ. ಮುಟ್ಟಿನ ನೋವಾಗಲಿ, ಮುಂದೆ ಬರಬಹುದಾದ ಮತ್ತಾವ ನೋವಾಗಲಿ, ಹೇಳಿಕೊಳ್ಳುವುದರಲ್ಲಿ ಅವಮಾನವಿಲ್ಲ. ಒಬ್ಬ ವೈದ್ಯರು ಕಿವಿಗೊಡದಿದ್ದರೆ ಇನ್ನೊಬ್ಬರನ್ನು ಹುಡುಕುವುದು ನಿಮ್ಮ ಹಕ್ಕು. ವಿದ್ಯಾರ್ಥಿಗಳಿಗೆ ಹೇಳುವುದು ಇನ್ನೂ ಕಡಿಮೆ: ಆ ಪಾಠದ ದಿನ ನಗಬೇಡಿ. ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಬಹುಮಂದಿ ಗಂಡಂದಿರಾಗುತ್ತೀರಿ. “ನೋಯುತ್ತಿದೆ” ಎಂಬ ಮಾತು ಕಿವಿಗೆ ಬಿದ್ದಾಗ ಅದನ್ನು ಹಟವೆಂದೋ ನೆಪವೆಂದೋ ತೂಗದೆ ನಂಬುವ ಅಭ್ಯಾಸ ಈಗಿನಿಂದಲೇ ಆಗಬೇಕು.

ನಾಚಿಕೆ ನಮ್ಮ ಸಮಾಜವೆಂಬ ಉಪಕರಣದ ಸೊನ್ನೆಯ ದೋಷ. ಅದು ಇರುವವರೆಗೆ, ಎಂಥ ನಿಪುಣ ವೈದ್ಯರಿದ್ದರೂ ಎಂಥ ಬೆಲೆಬಾಳುವ ಯಂತ್ರವಿದ್ದರೂ ಅಳತೆ ತಪ್ಪಾ­ಗಿಯೇ ಬರುತ್ತದೆ. ಪ್ರಯೋಗಶಾಲೆಯಲ್ಲಿ ದೋಷವನ್ನು ಗುರುತಿಸಿ ಲೆಕ್ಕದಿಂದ ಕಳೆಯುವುದನ್ನು ಮೊದಲ ವಾರದಲ್ಲಿಯೇ ಕಲಿಸುತ್ತೇವೆ. ತರಗತಿಯ ಹೊರಗೂ ಅದೇ ಪಾಠವನ್ನು ನಡೆಸಿದರೆ, ನನ್ನ ಗೆಳತಿಯಂತೆ ವರ್ಷಗಟ್ಟಲೆ ಮೌನವಾಗಿ ನೋಯುವವರ ಸಂಖ್ಯೆ ಖಂಡಿತ ಕಡಿಮೆಯಾದೀತು.